ಹುಳಿ ನೀರಿಗೆ ಜೇಡಿಮಣ್ಣಿನ ತಡೆ: ಕೆರೆ ಕಟ್ಟಿದವರ ವಿದ್ಯೆ ಗಣಿ ಮುಚ್ಚೋಕೆ ಸಾಕಾ?

 

ಇವತ್ತಿನ ವಿಷಯ ಮಣ್ಣು. ಅದರಲ್ಲೂ ಜೇಡಿಮಣ್ಣು. ಸೊರಬ ಕಡೆಯ ಕೇಳುಗರೊಬ್ಬರು ಕಳಿಸಿದ ಪ್ರಶ್ನೆ ಹೀಗಿತ್ತು: "ಗಣಿಯಿಂದ ಬರೋ ಆಮ್ಲದ ನೀರನ್ನ ಜೇಡಿಮಣ್ಣಿನ ಪದರ ಹಾಕಿ ತಡೀಬಹುದು ಅಂತಾರೆ. ನಮ್ಮ ಕೆರೆ ಏರಿಗಳನ್ನ ಕಟ್ಟಿರೋದೂ ಅದೇ ಮಣ್ಣಲ್ಲಿ. ಹಾಗಾದ್ರೆ ಅಷ್ಟು ಸುಲಭಾನಾ?"

ಒಂದೇ ಸಾಲಲ್ಲಿ ಉತ್ತರ ಹೇಳೋದಾದ್ರೆ, ಜೇಡಿಮಣ್ಣು ನೀರನ್ನ ತುಂಬಾ ಚೆನ್ನಾಗಿ ತಡೆಯುತ್ತೆ, ಹುಳಿಯನ್ನ ಸ್ವಲ್ಪ ಕಾಲ ತಡೆಯುತ್ತೆ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಹೋದ್ರೆ ಬಾವಿ ನೀರು ಕೆಡುತ್ತೆ. ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು, ಈ ಹುಳಿ ಎಲ್ಲಿಂದ ಬರುತ್ತೆ?

ಗಣಿ ಅಂದ ತಕ್ಷಣ ಆಮ್ಲ ಬರಲ್ಲ. ಅದಕ್ಕೆ ಗಂಧಕ ಬೇಕು. ತಾಮ್ರ, ಚಿನ್ನ, ಸತು, ಕಲ್ಲಿದ್ದಲು ಇರೋ ಬಂಡೆಗಳಲ್ಲಿ ಎಷ್ಟೋ ಕಡೆ ಪೈರೈಟ್ ಅನ್ನೋ ಖನಿಜ ಇರುತ್ತೆ. ಚಿನ್ನದ ಹಾಗೆ ಹೊಳೆಯುತ್ತೆ, ಆದ್ರೆ ಅದು ಕಬ್ಬಿಣ ಮತ್ತು ಗಂಧಕ ಸೇರಿದ್ದು. ನೆಲದ ಆಳದಲ್ಲಿ ಗಾಳಿ ಸೋಕದೆ ಇರೋವರೆಗೂ ಅದು ತಣ್ಣಗೆ ಇರುತ್ತೆ. ಗಣಿ ತೋಡಿ, ಕಲ್ಲು ಪುಡಿ ಮಾಡಿ, ಅದಿರು ತೆಗೆದು, ಉಳಿದ ಪುಡಿಯನ್ನ ದಿಬ್ಬ ಹಾಕಿದ ಮೇಲೆ ಕಥೆ ಬದಲಾಗುತ್ತೆ. ಆ ಪುಡಿಗೆ ಗಾಳಿಯ ಆಮ್ಲಜನಕವೂ ಮಳೆ ನೀರೂ ಸಿಕ್ಕಿದ್ರೆ ಗಂಧಕಾಮ್ಲ ತಯಾರಾಗುತ್ತೆ. ಕಬ್ಬಿಣವನ್ನೇ ತಿಂದು ಬದುಕೋ ಕೆಲವು ಬ್ಯಾಕ್ಟೀರಿಯಾಗಳು ಈ ಕೆಲಸವನ್ನ ಎಷ್ಟೋ ಪಟ್ಟು ಜೋರು ಮಾಡ್ತವೆ.

ಆಮ್ಲ ಬಂದ್ರೆ ಏನಾಯ್ತು ಅಂತೀರಾ? ಮನೇಲಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕೋದನ್ನ ನೋಡಿದ್ದೀರಲ್ವಾ? ಕಪ್ಪು ಪದರ ಕರಗಿ ಹೋಗುತ್ತೆ. ಹುಳಿ ಇರೋ ನೀರು ಬಂಡೆಯಲ್ಲಿರೋ ತಾಮ್ರ, ಸತು, ಕ್ಯಾಡ್ಮಿಯಂ, ಅಲ್ಯೂಮಿನಿಯಂಗಳನ್ನೂ ಹೀಗೇ ಕರಗಿಸಿಕೊಂಡು ಹರಿಯುತ್ತೆ. ಹುಳಿ ನೀರಿಗಿಂತ ಅದು ಹೊತ್ತು ತರೋ ಲೋಹವೇ ದೊಡ್ಡ ತೊಂದರೆ.

ಹುಳಿಯನ್ನ ಅಳೆಯೋದು ಪಿಎಚ್ ಅನ್ನೋ ಅಳತೆಯಲ್ಲಿ. 7 ಅಂದ್ರೆ ಶುದ್ಧ ನೀರು. ಒಂದೊಂದು ಅಂಕಿ ಕಡಿಮೆ ಆದಾಗ ಹುಳಿ ಹತ್ತು ಪಟ್ಟು ಹೆಚ್ಚಾಗುತ್ತೆ. ಅಂದ್ರೆ ಪಿಎಚ್ 4 ಇರೋ ನೀರು 7 ಇರೋ ನೀರಿಗಿಂತ ಮೂರು ಪಟ್ಟಲ್ಲ, ಸಾವಿರ ಪಟ್ಟು ಹುಳಿ. ಸ್ಪೇನ್ ದೇಶದ ರಿಯೋ ಟಿಂಟೋ ನದಿ ಕೆಂಪಗೆ ಹರಿಯುತ್ತೆ, ಅದರ ಪಿಎಚ್ 2ರ ಆಸುಪಾಸು, ಹೆಚ್ಚುಕಡಿಮೆ ನಿಂಬೆ ರಸದಷ್ಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಐರನ್ ಮೌಂಟೇನ್ ಅನ್ನೋ ಹಳೇ ಗಣಿಯೊಳಗೆ ಸೊನ್ನೆಗಿಂತ ಕೆಳಗೆ, ಋಣ 3.6ರ ಪಿಎಚ್ ಅಳೆದಿದ್ದಾರೆ. ನಮ್ಮ ದೇಶದಲ್ಲೇ ಬೇಕು ಅಂದ್ರೆ ಮೇಘಾಲಯದ ಜೈಂತಿಯಾ ಬೆಟ್ಟಗಳು. ಅಲ್ಲಿ ಇಲಿಬಿಲದಂಥ ಕಲ್ಲಿದ್ದಲು ಗಣಿಗಳಿಂದ ಹೊಳೆಗಳು ಹುಳಿಯಾಗಿ ಮೀನು ಸತ್ತವು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಗಣಿಗಾರಿಕೆಯನ್ನ ನಿಷೇಧಿಸಿತು.

ನಮ್ಮ ಕಡೆ ಇಂಥ ಗಣಿ ಇದೆಯಾ?

ಶಿಕಾರಿಪುರ, ಸೊರಬದವರು ಗಾಬರಿ ಆಗಬೇಡಿ. ಈ ಸೀಮೆಯ ಹೆಸರಾದ ಅದಿರುಗಳು ಕಬ್ಬಿಣ ಮತ್ತು ಮ್ಯಾಂಗನೀಸ್. ಶಿವಮೊಗ್ಗ ತಾಲ್ಲೂಕಿನ ಕುಂಸಿಯ ಮ್ಯಾಂಗನೀಸ್ ಹಿಂದಿನಿಂದ ಪ್ರಸಿದ್ಧಿ. ಇವು ಆಕ್ಸೈಡ್ ಅದಿರುಗಳು, ಅಂದ್ರೆ ಇವಕ್ಕೆ ಆಮ್ಲಜನಕ ಆಗಲೇ ಸೇರಿಬಿಟ್ಟಿದೆ. ಇವುಗಳಿಂದ ಧೂಳು, ಕೆಸರು, ಹೂಳಿನ ತೊಂದರೆ ಬರಬಹುದು, ಗಂಧಕಾಮ್ಲದ್ದಲ್ಲ.

ಗಂಧಕ ಇರೋ ಅದಿರು ಬೇಕು ಅಂದ್ರೆ ಚಿತ್ರದುರ್ಗದ ಹತ್ತಿರದ ಇಂಗಳದಾಳಿಗೆ ಹೋಗ್ಬೇಕು. ಅಲ್ಲಿ ತಾಮ್ರದ ಗಣಿ ಇತ್ತು, ಹಟ್ಟಿ ಚಿನ್ನದ ಗಣಿ ಕಂಪನಿ ಅದನ್ನ ನಡೆಸ್ತಿತ್ತು, ಈಗ ಗಣಿಗಾರಿಕೆ ನಿಂತಿದೆ. ಅಲ್ಲಿನ ತಾಮ್ರ ಇರೋದು ಗಂಧಕದ ಜೊತೆಗೇ, ಪೈರೈಟೂ ಅದರ ಸಂಗಾತಿ. ಗಣಿ ನಿಂತರೂ ದಿಬ್ಬ ಎಲ್ಲೂ ಹೋಗಲ್ಲ ಅನ್ನೋದಕ್ಕೆ ಕೆಜಿಎಫ್ ನೋಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿನ ಪಕ್ಕದ ಸಯನೈಡ್ ದಿಬ್ಬಗಳು, ಕೋಟಿಗಟ್ಟಲೆ ಟನ್ ಪುಡಿ, ಹಾಗೇ ನಿಂತಿವೆ. ಕೆಲಸ ಹೋಯ್ತು, ಕಸ ಉಳೀತು.

ಹಾಗಾದ್ರೆ ಶಿಕಾರಿಪುರ, ಸೊರಬದ ಮಾತು ಯಾಕೆ? ಜೇಡಿಮಣ್ಣಿನಿಂದ ನೀರು ತಡೆಯೋ ವಿದ್ಯೆ ಇಲ್ಲಿ ಒಂದೂವರೆ ಸಾವಿರ ವರ್ಷದಷ್ಟು ಹಳೇದು. ಈ ಮಣ್ಣಿನ ಶಕ್ತಿಯನ್ನೂ ದೌರ್ಬಲ್ಯವನ್ನೂ ಅರ್ಥ ಮಾಡ್ಕೊಳ್ಳೋಕೆ ಪ್ರಯೋಗಾಲಯ ಬೇಡ, ಇಲ್ಲಿನ ಗದ್ದೆ ಕೆರೆಗಳೇ ಸಾಕು.

ಗದ್ದೆಯ ಕೆಸರು, ಕೆರೆಯ ಏರಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಕಲ್ಲಿನ ಸ್ತಂಭ ಇದೆ. 5ನೇ ಶತಮಾನದ ಸಂಸ್ಕೃತ ಶಾಸನ, ರಚಿಸಿದ ಕವಿ ಕುಬ್ಜ. ಕದಂಬ ವಂಶದ ಕಥೆಗೆ ಅದು ಹೆಸರುವಾಸಿ. ಆದ್ರೆ ಆ ಶಾಸನ ಕೆತ್ತಿಸೋಕೆ ಇದ್ದ ಒಂದು ಕಾರಣ ಅಂದ್ರೆ ಕೆರೆ. ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಹತ್ತಿರ ದೊಡ್ಡ ಕೆರೆ ಕಟ್ಟಿಸಿದ್ದನ್ನ ಅದು ಹೇಳುತ್ತೆ. ಸಿಮೆಂಟ್ ಇಲ್ಲ, ಪ್ಲಾಸ್ಟಿಕ್ ಹಾಳೆ ಇಲ್ಲ. ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸ್ಬೇಕು ಅಂದ್ರೆ ಒಳಗೆ ಅಂಟುಮಣ್ಣು ಹಾಕಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡ್ಲೇಬೇಕು. ಹೊರಗೆ ಬೇರೆ ಮಣ್ಣು ಕಲ್ಲು ಇರಲಿ, ನೀರು ತಡೆಯೋದು ಆ ಅಂಟುಮಣ್ಣೇ.

ಗದ್ದೆ ನಾಟಿ ನೋಡಿದವರಿಗೆ ಇನ್ನೂ ಸುಲಭ. ನಾಟಿಗೆ ಮೊದಲು ಗದ್ದೆಗೆ ನೀರು ಕಟ್ಟಿ ಚೆನ್ನಾಗಿ ಕೆಸರು ಮಾಡ್ತಾರೆ. ಯಾಕೆ? ಸಸಿ ನೆಡೋಕೆ ಮೆತ್ತಗಾಗ್ಲಿ ಅಂತ ಮಾತ್ರ ಅಲ್ಲ. ಕಲಕಿದಾಗ ಮಣ್ಣಿನ ಹರಳುಗಳು ಒಡೆದು, ಸಣ್ಣ ಸಣ್ಣ ಕಣಗಳು ಕೆಳಗೆ ಕೂತು ರಂಧ್ರಗಳನ್ನ ಮುಚ್ಚುತ್ತವೆ. ಆಮೇಲೆ ನೀರು ಇಂಗೋದು ಕಡಿಮೆ.

ಇದರ ಹಿಂದಿನ ಲೆಕ್ಕ ನೋಡಿ. ಜೇಡಿಯ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು, ಹಾಳೆ ಹಾಳೆಯಂಥ ಆಕಾರ. ಗಟ್ಟಿ ಮಾಡಿದಾಗ ಹಾಳೆಗಳು ಒಂದರ ಮೇಲೊಂದು ಕೂರುತ್ತವೆ. ನೀರು ದಾಟಬೇಕಾದ್ರೆ ಆ ಹಾಳೆಗಳ ಸಂದಿಯಲ್ಲಿ ಸುತ್ತಿ ಸುತ್ತಿ ಹೋಗ್ಬೇಕು. ಕಸ ತುಂಬೋ ಜಾಗಗಳಿಗೆ ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮ ಕೇಳಿದ್ದು 90 ಸೆಂಟಿಮೀಟರ್ ದಪ್ಪದ ಜೇಡಿ ಪದರ, ಅದರ ಮೇಲೆ 1.5 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆ. ಆ ಜೇಡಿಯಲ್ಲಿ ನೀರಿನ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್‌ನ ಕೋಟಿಯಲ್ಲಿ ಒಂದು ಭಾಗ ಮೀರಬಾರದು ಅಂತಿತ್ತು. ವರ್ಷದ ಲೆಕ್ಕಕ್ಕೆ ತಂದ್ರೆ ಸುಮಾರು 3 ಸೆಂಟಿಮೀಟರ್.

ಒಂದು ಉದಾಹರಣೆ ಹಾಕೋಣ. ಒಂದು ಹೆಕ್ಟೇರ್ ಗಣಿ ದಿಬ್ಬ ಇದೆ, ವರ್ಷಕ್ಕೆ 1,000 ಮಿಲಿಮೀಟರ್ ಮಳೆ ಬರುತ್ತೆ ಅಂತ ಇಟ್ಕೊಳ್ಳಿ. ಏನೂ ಹೊದಿಸದೆ ಅರ್ಧ ಮಳೆ ಒಳಗೆ ಇಳಿದ್ರೆ 50 ಲಕ್ಷ ಲೀಟರ್ ನೀರು ಆ ಪುಡಿಯ ಮೂಲಕ ಹಾದು ಹುಳಿಯಾಗಿ ಹೊರಗೆ ಬರುತ್ತೆ. ಮೇಲೆ ಹೇಳಿದಂಥ ಜೇಡಿ ಹೊದಿಕೆ ಹಾಕಿದ್ರೆ 3 ಲಕ್ಷ ಲೀಟರ್ ಆಸುಪಾಸು. ಸೊನ್ನೆ ಅಲ್ಲ. ಆದ್ರೆ 50 ಎಲ್ಲಿ, 3 ಎಲ್ಲಿ!

ನೀರಿಗಿಂತ ಗಾಳಿಯನ್ನ ತಡೆಯೋದು ಮುಖ್ಯ

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟ ಆಗಿದ್ದು ಇದು. ಆಮ್ಲ ತಯಾರಾಗೋಕೆ ಆಮ್ಲಜನಕ ಬೇಕು ಅಂದ್ವಲ್ಲ. ಗಾಳಿಯಲ್ಲಿ ಆಮ್ಲಜನಕ ಹರಡೋ ವೇಗಕ್ಕೆ ಹೋಲಿಸಿದ್ರೆ ನೀರಿನೊಳಗೆ ಅದು ಸುಮಾರು 10,000 ಪಟ್ಟು ನಿಧಾನ. ಹಾಗಾಗಿ ಜೇಡಿ ಹೊದಿಕೆ ಒದ್ದೆಯಾಗಿದ್ದು, ಅದರ ರಂಧ್ರಗಳಲ್ಲಿ ನೀರು ತುಂಬಿದ್ರೆ, ಕೆಳಗಿರೋ ಪೈರೈಟಿಗೆ ಉಸಿರೇ ಸಿಗಲ್ಲ. ಹುಳಿ ಹುಟ್ಟೋದೇ ನಿಧಾನ ಆಗುತ್ತೆ. ಹುಟ್ಟಿದ ಹುಳಿಯನ್ನ ತಡೆಯೋದಕ್ಕಿಂತ ಹುಟ್ಟದ ಹಾಗೆ ನೋಡ್ಕೊಳ್ಳೋದು ಅಗ್ಗ. ಅದಕ್ಕೇ ತಿಳಿದವರು ಜೇಡಿಯನ್ನ ದಿಬ್ಬದ ಕೆಳಗೆ ಚಾಪೆಯ ಹಾಗೆ ಹಾಸಿ ಸುಮ್ಮನಾಗಲ್ಲ, ಮೇಲೆ ಕಂಬಳಿಯ ಹಾಗೆ ಹೊದಿಸ್ತಾರೆ.

ಆದ್ರೆ ಒದ್ದೆಯಾಗಿರಬೇಕು ಅನ್ನೋ ಷರತ್ತು ಸಣ್ಣದಲ್ಲ. ಏಪ್ರಿಲ್ ತಿಂಗಳಲ್ಲಿ ಯಾವುದಾದ್ರೂ ಬತ್ತಿದ ಕೆರೆಯಂಗಳಕ್ಕೆ ಹೋಗಿ ನೋಡಿ. ನೆಲ ಹಪ್ಪಳದ ಹಾಗೆ ಬಿರುಕು ಬಿಟ್ಟಿರುತ್ತೆ, ಕೆಲವು ಕಡೆ ಕೈ ಇಳಿಯುವಷ್ಟು. ಗಣಿ ದಿಬ್ಬದ ಮೇಲಿನ ಜೇಡಿ ಹೊದಿಕೆಗೂ ಇದೇ ಗತಿ. ಒಂದು ಬೇಸಿಗೆಯಲ್ಲಿ ಬಿರುಕು ಬಿಟ್ರೆ ಮೊದಲ ಮಳೆ ನೇರ ಒಳಗೆ. ಅದಕ್ಕೆ ಜೇಡಿಯ ಮೇಲೆ ಮರಳು, ಅದರ ಮೇಲೆ ಸಾಧಾರಣ ಮಣ್ಣು, ಅದರ ಮೇಲೆ ಹುಲ್ಲು, ಹೀಗೆ ಪದರ ಪದರವಾಗಿ ಹಾಕಿ ತೇವ ಆರದ ಹಾಗೆ ಕಾಪಾಡ್ಬೇಕು. ಆಳಕ್ಕೆ ಬೇರು ಬಿಡೋ ಮರ ನೆಟ್ರೂ ಕಷ್ಟ, ಬೇರು ಸತ್ತ ಜಾಗವೇ ನೀರಿಗೆ ದಾರಿ.

ಹುಳಿ ಬಂದು ಜೇಡಿಯನ್ನ ಮುಟ್ಟಿದಾಗ

ಈಗ ಕಷ್ಟದ ಭಾಗ. ಕೆರೆ ಏರಿ ಒಂದೂವರೆ ಸಾವಿರ ವರ್ಷದಿಂದ ತಡೆದಿದ್ದು ಸಿಹಿ ನೀರನ್ನ. ಹುಳಿ ನೀರಿನ ಎದುರು ಅದೇ ಜೇಡಿ ಹೇಗೆ ನಡ್ಕೊಳ್ಳುತ್ತೆ?

ಜೇಡಿಯ ಕಣದ ಮೇಲೆ ಋಣ ವಿದ್ಯುತ್ತು ಇರುತ್ತೆ. ಧನ ವಿದ್ಯುತ್ತಿರೋ ಲೋಹದ ಕಣಗಳು ಅದಕ್ಕೆ ಅಂಟ್ಕೊಳ್ತವೆ. ಸೊರಬದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸು ಅಂದ್ಕೊಳ್ಳಿ. ಜೇಡಿ ಬಸ್ಸು, ಅದರಲ್ಲಿ ಸೀಟುಗಳಿವೆ, ಸುಣ್ಣದ ಕಣಗಳು ಮೊದಲೇ ಕೂತಿವೆ. ತಾಮ್ರ, ಸತು ಹತ್ತಿದ್ರೆ ಸುಣ್ಣ ಎದ್ದು ಜಾಗ ಬಿಡುತ್ತೆ. ಲೋಹ ಬಸ್ಸಲ್ಲಿ ಉಳೀತು, ಹೊರಗೆ ಹೋದ ನೀರು ಶುದ್ಧ ಆಯ್ತು. ಒಳ್ಳೇದೇ. ಆದ್ರೆ ಹುಳಿ ಜಾಸ್ತಿ ಆದ್ರೆ ಹುಳಿಯ ಕಣಗಳು, ಅವುಗಳ ಜೊತೆ ಕರಗಿ ಬಂದ ಅಲ್ಯೂಮಿನಿಯಂ, ಜಾತ್ರೆ ದಿನದ ಜನದ ಹಾಗೆ ನುಗ್ತವೆ. ಕೂತಿದ್ದ ತಾಮ್ರವನ್ನೂ ಎಬ್ಬಿಸಿ ಕೆಳಗೆ ಇಳಿಸ್ತವೆ. ಇಷ್ಟು ವರ್ಷ ಹಿಡಿದಿಟ್ಟ ಲೋಹ ಒಮ್ಮೆಲೇ ಹೊರಗೆ ಬರಬಹುದು. ಅಂದ್ರೆ ಜೇಡಿ ಒಂದು ಕಾಯುವ ಕೋಣೆ, ಶಾಶ್ವತ ಜೈಲಲ್ಲ.

ಎಲ್ಲ ಬಸ್ಸಲ್ಲೂ ಸೀಟು ಒಂದೇ ಅಲ್ಲ. ಸೊರಬದ ಕೆಂಪು ಜಂಬಿಟ್ಟಿಗೆ ನೆಲದ ಜೇಡಿಯಲ್ಲಿ ಹೆಚ್ಚಿಗೆ ಇರೋದು ಕೆಯೋಲಿನೈಟ್. ಸೀಟು ಕಡಿಮೆ, ಆದ್ರೆ ಅಷ್ಟಾಗಿ ಉಬ್ಬಲ್ಲ, ಅಷ್ಟಾಗಿ ಬಿರಿಯಲ್ಲ. ಶಿಕಾರಿಪುರದಿಂದ ಉತ್ತರಕ್ಕೆ, ಹಾವೇರಿ ಜಿಲ್ಲೆಯ ಕಡೆ ಹೋದಂತೆ ಸಿಗೋ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಇರುತ್ತೆ. ಅದರ ಒಂದೇ ಗ್ರಾಂನ ಹಾಳೆಗಳನ್ನ ಬಿಡಿಸಿ ಹರಡಿದ್ರೆ 800 ಚದರ ಮೀಟರ್‌ವರೆಗೂ ಬರಬಹುದು, ಅಂದ್ರೆ ಆರು ಕಬಡ್ಡಿ ಅಂಕಣ! ಸೀಟು ಹತ್ತು ಪಟ್ಟು. ಎರೆಮಣ್ಣಿನಲ್ಲಿ ಸುಣ್ಣದ ಹರಳೂ ಸಿಗುತ್ತೆ, ಅದು ಹುಳಿಯನ್ನ ಮುರಿಯುತ್ತೆ. ಆದ್ರೆ ಒಣಗಿದ್ರೆ ಅದರ ಬಿರುಕು ನಿಮಗೇ ಗೊತ್ತು.

ಮಲೆನಾಡಿನ ಕೆಂಪು ಮಣ್ಣಿನಲ್ಲಿ ಸುಣ್ಣ ಯಾಕಿಲ್ಲ? ಸಾವಿರಾರು ವರ್ಷ ಸುರಿದ ಮಳೆ ಅದನ್ನ ತೊಳ್ಕೊಂಡು ಹೋಗಿದೆ. ಇಲ್ಲಿನ ಮಣ್ಣು ಮೊದಲೇ ಸ್ವಲ್ಪ ಹುಳಿ, ಅದಕ್ಕೇ ಅಡಿಕೆ, ಶುಂಠಿಗೆ ರೈತರು ಸುಣ್ಣ ಹಾಕ್ತಾರೆ. ಹಾಗಾಗಿ ಈ ಮಣ್ಣನ್ನ ಹುಳಿಗೆ ತಡೆಯಾಗಿ ಬಳಸ್ಬೇಕು ಅಂದ್ರೆ ಸುಣ್ಣದ ಪದರವನ್ನ ನಾವೇ ಜೊತೆಗೆ ಹಾಕ್ಬೇಕು. ಜೇಡಿ ನೀರಿನ ವೇಗ ಕಡಿಮೆ ಮಾಡುತ್ತೆ, ಸುಣ್ಣ ಹುಳಿ ಮುರಿಯುತ್ತೆ. ಒಂದಕ್ಕೊಂದು ಆಸರೆ.

ಜೇಡಿಯೇ ಜಾರಿದ ದಿನ

ಈ ಕಥೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. 1998ರ ಏಪ್ರಿಲ್ 25, ಸ್ಪೇನ್‌ನ ಅಸ್ನಾಲ್ಕೊಯಾರ್. ಪೈರೈಟ್ ತುಂಬಿದ ಗಣಿ ಕೆಸರನ್ನ ಕಟ್ಟೆ ಕಟ್ಟಿ ನಿಲ್ಲಿಸಿದ್ರು. ಕಟ್ಟೆಯ ಕೆಳಗಿದ್ದಿದ್ದು ದಪ್ಪನೆಯ ನೈಸರ್ಗಿಕ ಜೇಡಿ ಪದರ. ಸೋರಿಕೆ ತಡೆಯೋಕೆ ಅದಕ್ಕಿಂತ ಒಳ್ಳೇ ನೆಲ ಬೇಕಾ ಅನ್ನಿಸುತ್ತೆ ಅಲ್ವಾ? ಆದ್ರೆ ನೀರನ್ನ ಬಿಡದ ಗುಣವೇ ಮುಳುವಾಯ್ತು. ಮೇಲೆ ಭಾರ ಏರ್ತಾ ಹೋದಾಗ ಜೇಡಿಯೊಳಗಿನ ನೀರಿಗೆ ಹೊರಗೆ ಹೋಗೋಕೆ ದಾರಿ ಇರ್ಲಿಲ್ಲ. ಒಳಗೇ ಒತ್ತಡ ಕಟ್ಕೊಳ್ತು, ಜೇಡಿ ತನ್ನ ಬಿಗಿ ಕಳ್ಕೊಂಡು ಜಾರಿತು. ಕಟ್ಟೆಯ ಒಂದು ಭಾಗ ಹತ್ತಾರು ಮೀಟರ್ ಮುಂದಕ್ಕೆ ಸರಿದು ಒಡೆಯಿತು. ದಶಲಕ್ಷಗಟ್ಟಲೆ ಘನ ಮೀಟರ್ ಹುಳಿ ನೀರು, ಕೆಸರು ಗ್ವಾದಿಯಾಮಾರ್ ನದಿಗೆ ನುಗ್ಗಿ 4,000 ಹೆಕ್ಟೇರಿಗೂ ಹೆಚ್ಚು ಜಮೀನಿನ ಮೇಲೆ ಹರಡಿತು. ಹತ್ತಿರದಲ್ಲೇ ಪಕ್ಷಿಗಳಿಗೆ ಹೆಸರಾದ ದೊನ್ಯಾನಾ ರಾಷ್ಟ್ರೀಯ ಉದ್ಯಾನ.

ಆಮೇಲೆ ಶುದ್ಧೀಕರಣಕ್ಕೆ ಏನು ಬಳಸಿದ್ರು ಗೊತ್ತಾ? ಕೆಸರು ಬಾಚಿದ ಮೇಲೆ ಉಳಿದ ಮಣ್ಣಿಗೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿದ ಸುಣ್ಣ, ಜೊತೆಗೆ ಕಬ್ಬಿಣದ ಅಂಶ ಇರೋ ಕೆಂಪು ಜೇಡಿಮಣ್ಣು. ಸುಣ್ಣ ಹುಳಿ ಮುರಿಯಿತು, ಕೆಂಪು ಮಣ್ಣಿನ ಕಬ್ಬಿಣ ಆರ್ಸೆನಿಕ್‌ನಂಥ ವಿಷವನ್ನ ಹಿಡ್ಕೊಳ್ತು. ಜಾರಿ ದುರಂತ ತಂದಿದ್ದೂ ಜೇಡಿ, ಗಾಯ ಮಾಯಿಸೋಕೆ ಬಂದಿದ್ದೂ ಜೇಡಿ. ಎಲ್ಲಿ, ಎಷ್ಟು ಭಾರದ ಕೆಳಗೆ, ಯಾವುದರ ಜೊತೆ ಹಾಕ್ತೀವಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನಮ್ಮೂರಲ್ಲಿ ಇದರಿಂದ ಏನು?

ಗಣಿ ಇಲ್ಲದ ಊರಿನವರು ಇದನ್ನ ಯಾಕೆ ತಿಳ್ಕೋಬೇಕು ಅಂದ್ರೆ, ಎರಡು ಕಾರಣ.

ಒಂದು, ಕೆರೆ ಹೂಳೆತ್ತೋದು. ಹೂಳು ತೆಗೆಯೋದು ಒಳ್ಳೇ ಕೆಲಸ, ಆ ಗೋಡುಮಣ್ಣು ಹೊಲ ತೋಟಕ್ಕೆ ಬಂಗಾರ. ಆದ್ರೆ ಜೆಸಿಬಿಗೆ ಹೂಳು ಯಾವುದು, ಕೆರೆಯ ಮೂಲ ತಳ ಯಾವುದು ಅಂತ ಗೊತ್ತಾಗಲ್ಲ. ತಳದ ಜೇಡಿ ಪದರವೇ ಕೆರೆಯ ಸೀಲು. ಅದನ್ನ ತೋಡಿ ಕೆಳಗಿನ ಗೊರಸು, ಮರಳು ಬಂದುಬಿಟ್ರೆ ಕೆರೆ ಆಳ ಆಗುತ್ತೆ, ನೀರು ಮಾತ್ರ ನಿಲ್ಲಲ್ಲ. ಹಾಗಾಗಿ ನಿಮ್ಮೂರಲ್ಲಿ ಕೆಲಸ ಶುರು ಆದಾಗ ಕೇಳಿ: ಎಷ್ಟು ಅಡಿವರೆಗೆ ಹೂಳು? ತಳ ಎಲ್ಲಿ ಅಂತ ಯಾರು ಗುರುತು ಮಾಡಿದ್ದಾರೆ? ಊರಿನ ಹಿರಿಯರು, ಗದ್ದೆಗೆ ನೀರು ಬಿಡೋರು, ಮಡಿಕೆಗೆ ಮಣ್ಣು ತರೋ ಕುಂಬಾರರು, ಇವರಿಗೆ ಆ ತಳದ ಪರಿಚಯ ಇರುತ್ತೆ.

ಎರಡು, ಬಿಟ್ಟುಹೋದ ಜಂಬಿಟ್ಟಿಗೆ ಕಲ್ಲಿನ ಗುಂಡಿಗಳು. ಕಲ್ಲು ಕೊಯ್ದ ಮೇಲೆ ಖಾಲಿ ಉಳಿದ ಗುಂಡಿ ನೋಡಿದ್ರೆ ಕಸ ಸುರಿಯೋಕೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತೆ. ಆದ್ರೆ ಜಂಬಿಟ್ಟಿಗೆ ಕಲ್ಲನ್ನ ಕೈಲಿ ಹಿಡಿದು ನೋಡಿ, ತುಂಬಾ ತೂತು. ಅದರ ಮೂಲಕ ನೀರು ಸಲೀಸಾಗಿ ಇಳಿಯುತ್ತೆ. ಹಳೇ ಬ್ಯಾಟರಿ, ಔಷಧಿ ಡಬ್ಬ, ಕೊಳೆತ ಕಸ ಸೇರಿ ಬರೋ ನೀರೂ ಹುಳಿಯೇ, ಅದೂ ಲೋಹ ಕರಗಿಸುತ್ತೆ. ಗಣಿ ಇಲ್ಲದೆಯೂ ಗಣಿಯ ತೊಂದರೆ ನಮ್ಮ ಬಾವಿಗೆ ಬರೋ ದಾರಿ ಇದು. ಮೇಲೆ ಹೇಳಿದ 90 ಸೆಂಟಿಮೀಟರ್ ಜೇಡಿ, ಪ್ಲಾಸ್ಟಿಕ್ ಹಾಳೆಯ ನಿಯಮ ಮಾಡಿದ್ದು ಇದಕ್ಕೇ. ಇಲ್ಲಿಂದ ಇಳಿದ ನೀರು ದಂಡಾವತಿಯಿಂದ ವರದೆಗೆ, ಕುಮುದ್ವತಿಯಿಂದ ತುಂಗಭದ್ರೆಗೆ. ಕೆಳಗೆ ಕುಡಿಯೋರು ಬೇರೆ ಇದ್ದಾರೆ.

ಮನೇಲೇ ಮಾಡಿ ನೋಡಿ

ಕೊನೆಗೆ, ದುಡ್ಡು ಖರ್ಚಿಲ್ಲದ ಎರಡು ಪರೀಕ್ಷೆ. ನಿಮ್ಮ ಮಣ್ಣನ್ನ ಒದ್ದೆ ಮಾಡಿ ಹಿಟ್ಟಿನ ಹಾಗೆ ನಾದಿ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೀರಿ. ಮುರಿಯದೆ 5 ಸೆಂಟಿಮೀಟರ್ ದಾಟಿದ್ರೆ ಅದು ಒಳ್ಳೇ ಜೇಡಿ. 2.5ರೊಳಗೇ ಮುರಿದ್ರೆ ಜೇಡಿ ಕಡಿಮೆ.

ಇನ್ನೊಂದು, ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ಕೆಳಗೆ, ನಯವಾದ ಹೂಳು ಕೆಲವು ಗಂಟೆಯಲ್ಲಿ. ಮಾರನೇ ದಿನವೂ ನೀರನ್ನ ರಾಡಿ ಮಾಡ್ಕೊಂಡು ತೇಲ್ತಿರೋದೇ ಜೇಡಿ. ಪದರಗಳನ್ನ ಅಳೆದ್ರೆ ನಿಮ್ಮ ಮಣ್ಣಿನಲ್ಲಿ ಯಾವುದು ಎಷ್ಟು ಅಂತ ಅಂದಾಜು ಸಿಗುತ್ತೆ.

ಸೊರಬದ ಕೇಳುಗರಿಗೆ ನನ್ನ ಉತ್ತರ ಇಷ್ಟು. ಜೇಡಿ ನಮಗೆ ಸಮಯ ಕೊಡುತ್ತೆ. ಆ ಸಮಯದಲ್ಲಿ ಸುಣ್ಣ ಹಾಕೋದು, ಹೊದಿಕೆ ಒಣಗದ ಹಾಗೆ ನೋಡೋದು, ಬಾವಿ ನೀರಿನ ಪಿಎಚ್ ವರ್ಷ ವರ್ಷ ಅಳೆಯೋದು, ಇವನ್ನ ಮನುಷ್ಯರೇ ಮಾಡ್ಬೇಕು. ಕೆರೆ ಏರಿ ಇಷ್ಟು ಕಾಲ ನಿಂತಿದ್ದೂ ಮಣ್ಣಿನ ಬಲದಿಂದ ಮಾತ್ರ ಅಲ್ಲ, ಪ್ರತಿ ಮಳೆಗಾಲಕ್ಕೂ ಮೊದಲು ಯಾರೋ ಹೋಗಿ ಏರಿ ನೋಡಿ, ಬಿರುಕು ಮುಚ್ಚಿ ಬರ್ತಿದ್ರು.

ನಿಮ್ಮೂರಿನ ಮಣ್ಣಿನ ಪಟ್ಟಿ ಎಷ್ಟು ಉದ್ದ ಬಂತು ಅಂತ ಫೋಟೋ ತೆಗೆದು ಕಳಿಸಿ.